ಬಾಗಿಲ ಸಂಖ್ಯೆ ಖಾಲಿ ಬಿಡುವಂತಿಲ್ಲ

ಸೇತುವೆಯ ಮೂರನೇ ಕಂಬದ ಬುಡದಲ್ಲಿ ಮಲಗಿದ್ದ ಬಡಗಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಆಸ್ಪತ್ರೆಯವರು ಕೈಚೆಲ್ಲಿದ್ದರು. ಇನ್ನು ಉಳಿದಿದ್ದು ನೋವು ಇಳಿಸುವ ಮಾರ್ಫಿನ್ ಒಂದೇ. ಅದು ನರ್ಸ್ ಸಿಸ್ಟರ್ ಬರುವ ಸಂಚಾರಿ ಚಿಕಿತ್ಸೆಯ ವ್ಯಾನಿನಲ್ಲೇ, ಬೀಗ ಹಾಕಿದ ಡಬ್ಬಿಯಲ್ಲಿ ಇತ್ತು. ಆದರೆ ಅರ್ಜಿ ಹಾಕಿ ಕಚೇರಿಯ ಮಂಜೂರಾತಿ ಪಡೆಯದೆ ಕೊಡುವ ಹಾಗಿರಲಿಲ್ಲ. ವ್ಯಾನು ಹೊರಟಿದ್ದೇನೋ ಮನೆಯಿಲ್ಲದವರಿಗಾಗಿ. ಅರ್ಜಿ ಮಾತ್ರ ಹಳೆಯದು, ಹೆಸರು 'ಮನೆ ಭೇಟಿ'. ಬಾಗಿಲ ಸಂಖ್ಯೆಯ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಜಪ್ಪಯ್ಯ ಅಂದರೂ ಮುಂದೆ ಹೋಗದು.

ಸಿಸ್ಟರ್ 'ಬಾಗಿಲಿಲ್ಲ' ಎಂದು ಬರೆದು ಕಳಿಸಿದಳು. ಕಚೇರಿಯಿಂದ ಉತ್ತರ ಬಂತು: 'ಬಾಗಿಲು ಹಾಕಿಸಿಕೊಂಡು ಮತ್ತೆ ಅರ್ಜಿ ಸಲ್ಲಿಸುವುದು.'

"ಇವರ ತಲೇಲಿ ಏನು ಮಣ್ಣು ತುಂಬಿದೆಯಾ!" ಎಂದು ಹಲ್ಲು ಕಡಿದಳು. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಬಡಗಿ ನೋವಿಗೆ ಹೊದಿಕೆಯ ಅಂಚು ಕಚ್ಚಿ ಹಿಡಿದಿದ್ದನ್ನು ಕಂಡ ಮೇಲೆ ಸಿಟ್ಟು ಮಾಡಿಕೊಂಡು ಕೂರಲು ಪುರುಸೊತ್ತೆಲ್ಲಿ? ಡ್ರೈವರನ ಜೊತೆ ಹೋಗಿ, ಕೆಡವುತ್ತಿದ್ದ ಯಾವುದೋ ಕಟ್ಟಡದಿಂದ ಹಸಿರು ಬಾಗಿಲೊಂದನ್ನು ಹೊತ್ತು ತಂದು, ಅಂಚನ್ನು ಕಂಬಕ್ಕೆ ಆನಿಸಿ ಬಡಗಿಯ ಮುಂದೆ ನಿಲ್ಲಿಸಿದಳು. ಬಳಪದಲ್ಲಿ ಮೂರು ಎಂದು ಬರೆದಳು.

ಬಡಗಿ ಮಲಗಿದಲ್ಲಿಂದಲೇ ಕಣ್ಣು ಹಾಯಿಸಿದ. "ತಲೆಕೆಳಗಾಗಿ ನಿಲ್ಲಿಸಿದ್ದೀಯಲ್ಲ ತಾಯಿ! ಚಿಲಕ ಕಾಲ ಹತ್ರ ಇದೆ. ನೋಡಿದೋರು ನನ್ನ ಕೆಲಸ ಅಂದ್ಕೊಂಡ್ರೆ ಮಾನ ಹೋಗುತ್ತೆ."

ಸಿಸ್ಟರ್, ಡ್ರೈವರ್ ಇಬ್ಬರೂ ಸೇರಿ ತಿರುಗಿಸಿ ನಿಲ್ಲಿಸಿದರು. ತಲೆಕೆಳಗಾದ ಮೂರನ್ನು ಒರೆಸಿ ನೆಟ್ಟಗೆ ಬರೆದು, ಸಿಸ್ಟರ್ ಮತ್ತೆ ಅರ್ಜಿ ಕಳಿಸಿದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕಚೇರಿಯಿಂದ ತಪಾಸಣೆ ಅಧಿಕಾರಿ ಬಂದ. ಐವತ್ತು ದಾಟಿದ ಮನುಷ್ಯ, ಕಂಕುಳಲ್ಲಿ ಕಡತ. ಎಡಕ್ಕೂ ಗೋಡೆಯಿಲ್ಲ, ಬಲಕ್ಕೂ ಗೋಡೆಯಿಲ್ಲ. ಆದರೂ ನೆಟ್ಟಗೆ ಬಾಗಿಲ ಮುಂದೆ ನಿಂತು ತಟ್ಟಿದ.

"ಯಾರದು?" ಎಂದ ಬಡಗಿ.

"ತಪಾಸಣೆಗೆ ಬಂದಿದ್ದೀನಿ."

"ಈಗ ಆಗಲ್ಲ. ಆಮೇಲೆ ಬನ್ನಿ."

ಪಕ್ಕದಲ್ಲೇ ಇದ್ದ ಸಿಸ್ಟರ್ ಬಡಗಿಯ ಕಡೆ ಬಗ್ಗಿದಳು. "ಅಣ್ಣಾ, ಕೈ ಮುಗೀತೀನಿ, ಒಳಗೆ ಕರೀರಿ! ಮನೇಲಿಲ್ಲ ಅಂತ ಬರ್ಕೊಂಡು ಹೋದ್ರೆ ಔಷಧಿ ಹೋದ ಹಾಗೇ!"

"ತಡಿಯಮ್ಮ. ಹನ್ನೆರಡು ವರ್ಷದಿಂದ ಬಂದೋರೆಲ್ಲ ಏಳು, ಆಚೆ ಹೋಗು ಅಂದೋರೇ. ಒಂದೇ ಒಂದು ಸಲ ನಾನೂ ಯಾರನ್ನಾದ್ರೂ ಆಚೆ ನಿಲ್ಲಿಸ್ತೀನಿ." ಅಷ್ಟು ಹೇಳುವುದರೊಳಗೆ ನೋವು ಅವನನ್ನು ಹಿಂಡಿ ಹಿಪ್ಪೆ ಮಾಡಿತು. ಉಸಿರು ಸಿಕ್ಕ ಮೇಲೆ, "ಬನ್ನಿ ಸ್ವಾಮಿ, ಒಳಗೆ ಬನ್ನಿ," ಎಂದ.

ಸಿಸ್ಟರ್ ಬಾಗಿಲನ್ನು ಎತ್ತಿ ಪಕ್ಕಕ್ಕಿಟ್ಟಳು. ಅಧಿಕಾರಿ ತಲೆ ತಗ್ಗಿಸಿ ಒಳಗೆ ಬಂದ. ಅವಳು ಬಾಗಿಲನ್ನು ಮತ್ತೆ ಅದರ ಜಾಗದಲ್ಲಿ ನಿಲ್ಲಿಸಿದಳು.

ಅವನು ಕುಕ್ಕರಗಾಲಲ್ಲಿ ಕೂತು ಬರೆದ. ಬಾಗಿಲು ಇದೆ. ಸಂಖ್ಯೆ ಇದೆ. ಕೊನೆಯ ಸಾಲಿನಲ್ಲಿ ಪೆನ್ನು ನಿಂತಿತು. "ಮನೆಯವರು ಯಾರು? ಅವರ ಸಹಿ ಬೇಕು. ಔಷಧಿ ಕುಡಿಸಿದ ಮೇಲೆ ಒಂದು ಗಂಟೆ ಮನೆಯವರು ಪಕ್ಕದಲ್ಲೇ ಕೂತಿರಬೇಕು."

"ನಾನು ಹಾಕ್ತೀನಿ ಸಹಿ," ಎಂದಳು ಸಿಸ್ಟರ್.

"ವ್ಯಾನಿನ ಸಿಬ್ಬಂದಿ ಹಾಕೋ ಹಾಗಿಲ್ಲಮ್ಮ."

"ಇವ್ರಿಗೆ ಯಾರೂ ಇಲ್ಲ ಸಾರ್! ಇದ್ದಿದ್ರೆ ಇಲ್ಲಿ ಯಾಕೆ ಬಿದ್ದಿರ್ತಿದ್ರು?"

ಬಡಗಿ ಕಣ್ಣು ಬಿಟ್ಟ. "ಮನೆಯವರು ಅಂದ್ರೆ ಯಾರು ಸ್ವಾಮಿ? ಮನೆ ಒಳಗೆ ಇರೋರು ತಾನೆ? ನೀವೀಗ ಎಲ್ಲಿದ್ದೀರಿ?"

ಅಧಿಕಾರಿ ತಿರುಗಿ ನೋಡಿದ. ಬಾಗಿಲು ಮುಚ್ಚಿತ್ತು. ಕಡತವನ್ನು ಹಿಂದೆ ಮುಂದೆ ತಿರುವಿದ. ಈ ಮಾತಿಗೆ ಅಡ್ಡ ಬರುವ ನಿಯಮ ಎಲ್ಲೂ ಸಿಗಲಿಲ್ಲ. ಬಡಗಿ ಮತ್ತೆ ಹೊದಿಕೆ ಕಚ್ಚಿದ. ಅಧಿಕಾರಿ ಸಹಿ ಹಾಕಿದ. 'ಸಂಬಂಧ' ಎಂಬಲ್ಲಿ ಕೊಂಚ ತಡೆದು 'ತಮ್ಮ' ಎಂದು ಬರೆದ. 'ಸಹಿ ಪರಿಶೀಲಿಸಿದವರು' ಎಂಬಲ್ಲೂ ತಾನೇ ಸಹಿ ಹಾಕಿ, ಎರಡೂ ಒಂದೇ ಥರ ಇವೆಯೇ ಎಂದು ಹೋಲಿಸಿ ನೋಡಿದ.

ಸಿಸ್ಟರ್ ಡಬ್ಬಿಯ ಬೀಗ ತೆಗೆದು ಔಷಧಿ ಕುಡಿಸಿದಳು. ಅರ್ಧ ಗಂಟೆಯಲ್ಲಿ ಬಡಗಿಯ ಹಲ್ಲಿನಿಂದ ಹೊದಿಕೆಯ ಅಂಚು ತಾನಾಗಿ ಜಾರಿತು. ಅಷ್ಟು ದಿನ ಬೈದುಕೊಂಡು ಓಡಾಡಿದವಳಿಗೆ ಆಗ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟಳು.

ಅಧಿಕಾರಿಯ ಫೋನು ಬಡಿದುಕೊಂಡಿತು. ಎಲ್ಲಿ ಹಾಳಾಗಿ ಹೋಗಿದ್ದೀರಿ ಎಂದು ಮೇಲಿನವರು ಕೂಗಿದ್ದು ಸಿಸ್ಟರ್‌ಗೂ ಕೇಳಿಸಿತು. ಅವನು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ:

"ಮೆಲ್ಲಗೆ ಸಾರ್. ಮನೇಲಿದ್ದೀನಿ. ನಮ್ಮಣ್ಣಂಗೆ ಈಗಷ್ಟೇ ನಿದ್ದೆ ಹತ್ತಿದೆ."