ಊಟದ ಮೇಜಿನ ಮಾತು

ಬೊಲಿವಿಯಾದವರು ನಿಧಾನವಾಗಿ ಮಾತಾಡುತ್ತಾರೆ, ಸ್ಪ್ಯಾನಿಷ್ ಕಲಿಯುವುದಾದರೆ ಅಲ್ಲಿಗೇ ಹೋಗಿ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದಾರಂತೆ. ಹಾಗಾಗಿ ನಮ್ಮ ಸೂಕ್ರೆ ಪಟ್ಟಣಕ್ಕೆ ಹೊರದೇಶದವರು ಬರುತ್ತಲೇ ಇರುತ್ತಾರೆ. ಅವರನ್ನು ಮನೆಯಲ್ಲಿಟ್ಟುಕೊಂಡು ಊಟ, ಹಾಸಿಗೆ, ಮಾತು ಕೊಡುವುದು ನನ್ನ ಕೆಲಸ. ಊಟ, ಹಾಸಿಗೆ ಸುಲಭ. ಮಾತೇ ಸುಸ್ತು. "ನಿನಗೆಷ್ಟು ಜನ ಅಣ್ಣತಮ್ಮಂದಿರು?" ಎಂದು ಕೇಳಿ ಕೇಳಿ ನಾಲಿಗೆ ಸವೆದಿದೆ. ಅವರ ಬಾಯಿ ಪಳಗಿ, ಇನ್ನೇನು ನಾಲ್ಕು ಸುಖದುಃಖ ಹೇಳಿಕೊಳ್ಳಬಹುದು ಎನ್ನುವಷ್ಟರಲ್ಲಿ ಬಸ್ಸು ಹತ್ತುತ್ತಾರೆ. ಮತ್ತೊಬ್ಬರು ಬರುತ್ತಾರೆ, ಮತ್ತೆ ಅಣ್ಣತಮ್ಮಂದಿರಿಂದ ಶುರು.

ಈಗಿರುವವಳು ಬಿರ್ಗಿಟ್ಟೆ, ಡೆನ್ಮಾರ್ಕಿನ ನರ್ಸು. ಬೆಟ್ಟದ ಹಳ್ಳಿಯೊಂದರ ಆಸ್ಪತ್ರೆಯಲ್ಲಿ ಸೇವೆ ಮಾಡಬೇಕಂತೆ, ಅದಕ್ಕೆ ಸ್ಪ್ಯಾನಿಷ್. ಬಂದ ಮರುದಿನವೇ ಎಲ್ಲರಂತೆ ಇವಳೂ ನನ್ನನ್ನು "ಅಮ್ಮಾ" ಎಂದಳು.

ನನ್ನ ಹೆತ್ತವ್ವ ಅಡುಗೆಮನೆಯ ಮೂಲೆಯಲ್ಲಿರುತ್ತಾಳೆ. ಮರೆವು ಹೆಚ್ಚಾದ ಮೇಲೆ ಹಳ್ಳಿಯಿಂದ ಕರೆತಂದೆ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಸ್ಪ್ಯಾನಿಷ್ ಅವಳಿಗಿತ್ತು. ಅದೂ ಅಳಿಸಿಹೋಗಿ, ಹುಟ್ಟುಮಾತು ಕೆಚುವಾ ಒಂದೇ ಉಳಿದಿದೆ. ಹೊರದೇಶದವರನ್ನು ನಮ್ಮ ಮನೆಗಳಿಗೆ ಕಳಿಸುವ ಸ್ಪ್ಯಾನಿಷ್ ಶಾಲೆಯ ಕಟ್ಟಪ್ಪಣೆಯೋ, ವಿದ್ಯಾರ್ಥಿ ಇರುವ ಮನೆಯಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತು ಕಿವಿಗೆ ಬೀಳಕೂಡದು. ಎದುರುಮನೆಯ ಸೆನೋಬಿಯಾ ಗಂಡನನ್ನು ಕೆಚುವಾದಲ್ಲಿ ಬೈದಳೆಂದು (ಬೈಯಲು ಅದೇ ಚೆನ್ನ) ಅವಳಿಗೆ ವಿದ್ಯಾರ್ಥಿಗಳನ್ನು ಕಳಿಸುವುದನ್ನೇ ನಿಲ್ಲಿಸಿದರು. ನನ್ನ ಒಲೆ ಉರಿಯುವುದೂ ಈ ವಿದ್ಯಾರ್ಥಿಗಳಿಂದಲೇ. ಅವ್ವ ಬಾಯಿ ತೆರೆದರೆ ತುಟಿಯ ಮೇಲೆ ಬೆರಳಿಟ್ಟು, ಸ್ಪ್ಯಾನಿಷಿನಲ್ಲೇ "ಆಮೇಲೆ" ಎನ್ನುತ್ತಿದ್ದೆ. ಕೆಲಸ ಮುಗಿಯುವ ಹೊತ್ತಿಗೆ ನನಗೆ ಯಾವ ಭಾಷೆಯೂ ಬೇಡವಾಗಿರುತ್ತಿತ್ತು.

ಗುರುವಾರ ಮಧ್ಯಾಹ್ನ ಶಾಲೆಯ ಫಾಬಿಯೋಲಾ ಮನೆ ಪರೀಕ್ಷಿಸಲು ಊಟಕ್ಕೆ ಬಂದಳು. ನನ್ನ ಅರ್ಧ ವಯಸ್ಸಿನವಳು, ನನ್ನ ಮೇಲೆ ಅಧಿಕಾರ. ನಾನು ಶೇಂಗಾ ಸೂಪು ಬಡಿಸುತ್ತಿದ್ದಂತೆ ಬಿರ್ಗಿಟ್ಟೆ ಎದ್ದುಹೋಗಿ, ಅವ್ವನನ್ನು ಕೈಹಿಡಿದು ಕರೆತಂದು ಮೇಜಿನ ಮುಂದೆ ಕೂರಿಸಿದಳು.

"ಅಜ್ಜಿ ದಿನವೂ ಅಳುತ್ತಾಳೆ," ಎಂದಳು ಬಿರ್ಗಿಟ್ಟೆ. ಆಮೇಲೆ ಪಾಠದಲ್ಲಿ ಕಲಿತದ್ದನ್ನು ಒಂದೊಂದಾಗಿ ಹೊರತೆಗೆದಳು: "ನಿಮಗೆ... ಎಲ್ಲಿ... ನೋಯುತ್ತದೆ?"

"ಭೇಷ್! ಎಷ್ಟು ಚೆನ್ನಾಗ್ ಕೇಳಿದ್ರಿ!" ಫಾಬಿಯೋಲಾ ಚಪ್ಪಾಳೆ ತಟ್ಟಿದಳು.

ಅವ್ವ ಪಿಳಿಪಿಳಿ ನೋಡಿದಳು. ಬಿರ್ಗಿಟ್ಟೆ ನನ್ನತ್ತ ತಿರುಗಿದಳು. "ಅಮ್ಮಾ, ನೀವು ಕೇಳಿ. ಅವಳ ಮಾತಿನಲ್ಲಿ."

"ದೋನ್ಯಾ ಎದುವಿನಾ, ನಿಯಮ ಗೊತ್ತಲ್ಲ," ಫಾಬಿಯೋಲಾ ನನ್ನತ್ತ ನೋಡಿ ನಗುತ್ತಲೇ ಎಂದಳು. "ಊಟ ಆದ್ಮೇಲೆ ಕೇಳ್ಕೊಂಡ್ರಾಯ್ತು ಬಿಡಿ."

ಊಟವಾದ ಮೇಲೆ ಪಾತ್ರೆ ಇರುತ್ತದೆ, ಪಾತ್ರೆಯಾದ ಮೇಲೆ ಬಟ್ಟೆ. ನನಗೆ ಸಾಕಾಗಿಹೋಗಿತ್ತು. ಸೌಟು ಕೆಳಗಿಟ್ಟು ಕೆಚುವಾದಲ್ಲಿ ಕೇಳಿದೆ: "ಎಲ್ಲಿ ನೋಯ್ತದೆ, ಅವ್ವಾ?"

ಅವ್ವನ ಮುಖ ಅರಳಿತು. ನನ್ನ ಕೈ ಜಗ್ಗಿ ಹತ್ತಿರ ಬಗ್ಗಿಸಿಕೊಂಡು ಗುಟ್ಟಾಗಿ ಹೇಳಿದಳು: "ನೋವೇನಿಲ್ಲ ತಾಯಿ. ನೀನು ನಮ್ ಕಡೆಯವಳಾ? ನನ್ ಮಗಳು ಎದುವಿನಾ ಸಿಕ್ರೆ, ಬಂದು ಕರ್ಕೊಂಡ್ ಹೋಗು ಅಂತ ಹೇಳ್ತೀಯಾ? ಈ ಮನೆಯಾಕೆ ಕೆಟ್ಟೋಳಲ್ಲ, ಹೊಟ್ಟೆತುಂಬ ಹಾಕ್ತಾಳೆ. ಆದ್ರೆ ಒಂದ್ ಮಾತಾಡ್ಸಲ್ಲ."

"ಏನೆಂದಳು?" ಬಿರ್ಗಿಟ್ಟೆ ಕೇಳಿದಳು.

ಅವ್ವನ ಪಕ್ಕದ ಕುರ್ಚಿ ಎಳೆದು ಕೂತೆ. ಫಾಬಿಯೋಲಾಳ ನಗು ನಿಂತಿತ್ತು, ನಿಲ್ಲಲಿ.

"ನಾನೇ ಕಣವ್ವ ಎದುವಿನಾ," ಎಂದೆ ನಮ್ಮ ಮಾತಿನಲ್ಲಿ. "ಬಂದಿದ್ದೀನಿ."

"ಬಂದ್ಯಾ?" ಅವ್ವ ನನ್ನ ಕೆನ್ನೆ ಸವರಿ, ತನ್ನ ಬಟ್ಟಲನ್ನು ನನ್ನತ್ತ ತಳ್ಳಿದಳು. "ಎಷ್ಟು ಸೊರಗಿದ್ದೀಯಲ್ಲೇ! ಮೊದ್ಲು ಇದನ್ನ ಕುಡಿ. ಆ ಮನೆಯಾಕೆ ಬರೋದ್ರೊಳಗೆ ಮಾತಾಡ್ಬಿಡೋಣ."