ಸುತ್ತುವ ನಿಯಮ

ಬರೆದದ್ದನ್ನು ಪದ ಪದವಾಗಿ ಓದಿ ಬಿಡಿಸುವ ಪಾರ್ಸರ್ ಮತ್ತೆ ಸಿಕ್ಕಿಹಾಕಿಕೊಂಡಿತು. ಅವಳ ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಪದ ಬೀಳುತ್ತಲೇ ಇತ್ತು: ಲೆಕ್ಕ, ಲೆಕ್ಕ, ಲೆಕ್ಕ. ಪಕ್ಕದ ಕೋಣೆಯಲ್ಲಿ ಅಪ್ಪನ ಹೆಜ್ಜೆಯೂ ನಿಂತಿರಲಿಲ್ಲ. ಮಂಚದಿಂದ ಬಾಗಿಲಿಗೆ ಬರುವುದು, ಚಿಲಕ ಮುಟ್ಟುವುದು, ಬಂದದ್ದೇಕೆಂದು ಮರೆತು ವಾಪಸು ಹೋಗುವುದು.

"ನಿಮ್ಮಪ್ಪನ ಕಾಲಿಗೆ ಚಕ್ರ ಕಟ್ಟಿದೆ ಕಣೇ," ಎಂದಳು ಬಟ್ಟೆ ಮಡಿಸುತ್ತಿದ್ದ ಅಮ್ಮ. "ಒಂದು ಗಳಿಗೆ ಕೂತಿದ್ರೆ ನಾನೂ ಕಣ್ಣು ಮುಚ್ತಿದ್ದೆ."

"ಅವರು ಬರೆದದ್ದೂ ಹಾಗೇ ಇದೆಯಮ್ಮ. ಇದೂ ಕೂರಲ್ಲ."

ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಆ ಕಂಪೈಲರಿನ ವ್ಯಾಕರಣವನ್ನೆಲ್ಲ ತನ್ನ ಕಚೇರಿಗಾಗಿ ಬರೆದದ್ದು ಅಪ್ಪನೇ, ತಲೆ ಹೇಳಿದ ಮಾತು ಕೇಳುತ್ತಿದ್ದ ಕಾಲದಲ್ಲಿ. ಈಗ ಅದೇ ಕಚೇರಿಗಾಗಿ ಮಗಳು ಅದನ್ನು ರಿಪೇರಿ ಮಾಡುತ್ತಿದ್ದಳು. ತೊಡಕು ಕೊನೆಗೂ ಕಣ್ಣಿಗೆ ಬಿತ್ತು. 'ಲೆಕ್ಕ'ವನ್ನು ಓದಬೇಕಾದರೆ ಮೊದಲು 'ಲೆಕ್ಕ'ವನ್ನು ಓದು ಎನ್ನುವ ನಿಯಮ. ಅಪ್ಪನ ಹಳೆಯ ಪಾರ್ಸರ್‌ಗೆ ಅದು ನೀರು ಕುಡಿದಷ್ಟು ಸುಲಭವಾಗಿತ್ತು. ಕಚೇರಿ ಈಗ ತಂದ ಹೊಸದು ಮಾತ್ರ ಒಂದು ಪದವನ್ನೂ ಓದದೆ ತನ್ನನ್ನೇ ಕರೆದುಕೊಳ್ಳುತ್ತ ಸುತ್ತುತ್ತಿತ್ತು. ಮೊದಲು ಒಂದು ಸಂಖ್ಯೆ ಓದು ಎಂದು ಅವಳು ತಿದ್ದಿದಳು.

ಪಾರ್ಸರ್ ಉತ್ತರ ಕೊಟ್ಟು ನಿಂತಿತು. ಮನೆಯ ಸದ್ದೂ ಅಡಗಿತು. ನಿಂತದ್ದು ಯಾವ ಸದ್ದೆಂದು ಹೊಳೆಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಬಾರೇ ಇಲ್ಲಿ," ಎಂದಳು ಅಮ್ಮ ಅಪ್ಪನ ಕೋಣೆಯಿಂದ ಮೆಲ್ಲಗೆ. "ಮೈ ತಣ್ಣಗಿದೆ ಇವರದ್ದು."

ಅಪ್ಪ ಚಿಲಕ ಹಿಡಿದು ನಿಂತಿದ್ದ. ಬಂದದ್ದೇಕೆಂದು ನೆನಪಾದ ಮುಖ. ಚಿಲಕ ಅರ್ಧ ಸರಿದಿತ್ತು.

"ಎಲ್ಲಿಗಪ್ಪಾ?"

"ಮುಗೀತಲ್ಲ," ಎಂದ ಅಪ್ಪ, ವರ್ಷಗಳಿಂದ ಕೇಳದ ತಿಳಿಯಾದ ದನಿಯಲ್ಲಿ. "ಬರ್ತೀನಮ್ಮ."

ಪಾರ್ಸರ್ ನಿಂತದ್ದಕ್ಕೇ ಅಪ್ಪನೂ ನಿಂತ ಎಂದರೆ ಯಾರಾದರೂ ನಕ್ಕಾರು, ಬೇರೆ ದಿನವಾಗಿದ್ದರೆ ಅವಳೇ ನಗುತ್ತಿದ್ದಳು. ಆದರೂ ಓಡಿಹೋಗಿ ತಿದ್ದಿದ್ದನ್ನು ಅಳಿಸಿ, ಹಳೆಯ ನಿಯಮವನ್ನೇ ಹಾಕಿ ಮತ್ತೆ ಓಡಿಸಿದಳು. ಲೆಕ್ಕ, ಲೆಕ್ಕ, ಲೆಕ್ಕ.

ಒಳಗೆ ಚಿಲಕ ಹಿಂದಕ್ಕೆ ಸರಿಯಿತು. ಹೆಜ್ಜೆಗಳು ಮಂಚದ ಕಡೆ ಹೋದವು, ತಿರುಗಿ ಬಂದವು. ಅವಳು ಮೇಜಿಗೆ ಹಣೆ ಹಚ್ಚಿ ಅತ್ತಳು.

ಸಂಜೆ ಕಚೇರಿಯಿಂದ ಮೇಲಧಿಕಾರಿಯ ಫೋನು ಬಂತು. "ಆಯ್ತೇನಮ್ಮಾ?"

"ಇಲ್ಲ ಸರ್. ಇನ್ನೂ ಸುತ್ತುತ್ತಾನೇ ಇದೆ."

"ಅಯ್ಯೋ, ಅದಕ್ಯಾಕೆ ಅಳೋದು? ಬಿಡು, ನಾನು ನೋಡಿದೆ, ಒಂದೇ ಸಾಲಿನ ಕೆಲಸ. ಬೆಳಿಗ್ಗೆ ನಾನೇ ಸರಿ ಮಾಡ್ತೀನಿ."

ಫೋನು ಕಿವಿಯಲ್ಲೇ ಇತ್ತು. ಹೆಜ್ಜೆಗಳು ಬಾಗಿಲ ಬಳಿ ಬಂದವು. ಅಮ್ಮ ಮಡಿಸುತ್ತಿದ್ದ ಅಂಗಿಯನ್ನು ಎದೆಗೊತ್ತಿಕೊಂಡು ಅತ್ತ ನೋಡಿದಳು. ಚಿಲಕ ಒಮ್ಮೆ ಅಲುಗಿತು.