ಹೊಟ್ಟೆಯಲ್ಲಿ ಬಾಯಿದ್ದವನ ದನಿ

ಕಲ್ಲಿನಾಥ ಬಾಯಿ ತೆರೆದರೆ ಅವನೇ ಮಾತಾಡುತ್ತಿದ್ದುದು ಕಡಿಮೆ. ಅಫಜಲಪುರದ ಬಸ್ಸಿನ ಕಂಡಕ್ಟರ್, ಜೇವರ್ಗಿಯ ಚಹಾ ಹೋಟೆಲಿನವನು, ಆಳಂದದಲ್ಲಿ ಅವನಿಗೆ ಪಾಠ ಹೇಳಿದ್ದ ಮೂಗುದನಿಯ ಮೇಷ್ಟ್ರು, ಎಲ್ಲರೂ ಅವನ ಗಂಟಲಲ್ಲಿ ಬಿಡಾರ ಹೂಡಿದ್ದರು. ಕರಜಗಿಯ ಆಚೆ, ಕಬ್ಬಿನ ತೋಟಗಳ ನಡುವಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅವನು ಅತಿಥಿ ಶಿಕ್ಷಕ. "ಅತಿಥಿ ಅಂತಾರ, ಕುಂಡ್ರಾಕ ಕುರ್ಚಿ ಕೊಡೂದಿಲ್ಲ" ಎಂದು ಮುಖ್ಯೋಪಾಧ್ಯಾಯಿನಿ ಸುಭದ್ರಾಬಾಯಿಯವರ ದನಿಯಲ್ಲೇ ಅವರೆದುರು ಹೇಳಿ ಅವರನ್ನೇ ನಗಿಸುತ್ತಿದ್ದ. ಅತಿಥಿಯನ್ನು ಬರುವ ವರ್ಷ ಮತ್ತೆ ಕರೆಯಬೇಕೋ ಬೇಡವೋ ಎನ್ನುವುದು ಮಾತ್ರ ಶಾಲಾ ಸಮಿತಿಯ ಅಧ್ಯಕ್ಷ ಶಿವರಾಯನ ಒಂದು ಮಾತಿನ ಮೇಲೆ ನಿಂತಿತ್ತು. ಶಿವರಾಯನಿಗೆ ಆರು ಟ್ರ್ಯಾಕ್ಟರು. ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವುದೇ ಕೆಲಸ. ಅಧ್ಯಕ್ಷನಾಗಿ ಎರಡು ವರ್ಷವಾದರೂ ಶಾಲೆಯ ಹೊಸ್ತಿಲು ತುಳಿದವನಲ್ಲ. ರಜಿಸ್ಟರೇ ಅವನ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು.

ಶನಿವಾರ ಮಕ್ಕಳು ಪುಸ್ತಕದ ಚೀಲವಿಲ್ಲದೆ ಬರುವ ದಿನ. ಅಂದು ಕಲ್ಲಿನಾಥ ತರಗತಿಯ ಟಿ.ವಿ.ಗೆ ಪೆನ್‌ಡ್ರೈವ್ ಸಿಕ್ಕಿಸಿ ಯಾವುದೋ ದೇಶದ ಕಾರ್ಟೂನ್ ಹಾಕುತ್ತಿದ್ದ. ಭಾಷೆ ಯಾರಿಗೂ ತಿಳಿಯದ್ದು. ಆದ್ದರಿಂದ ಟಿ.ವಿ.ಯ ದನಿ ಪೂರ್ತಿ ಇಳಿಸಿ, ತಾನೇ ಪಕ್ಕದಲ್ಲಿ ನಿಂತು ಎಲ್ಲ ಪಾತ್ರಗಳಿಗೂ ಸುತ್ತಲಿನವರ ದನಿ ಕೊಡುತ್ತಿದ್ದ. ನರಿ ಕಂಡಕ್ಟರನಂತೆ "ಚಿಲ್ಲರ ಕೊಡ್ರೆಪಾ ಚಿಲ್ಲರ" ಎನ್ನುತ್ತಿತ್ತು. ರಾಣಿಯು ಬಿಸಿಯೂಟದ ಅಡುಗೆ ಮಾಡುವ ಗುಲನಾಜಳಂತೆ "ಸಾಲಾಗಿ ಕುಂಡ್ರತೀರೋ, ಸಾರು ಒಯ್ದು ಎಮ್ಮಿಗಿ ಹಾಕ್ಲೋ" ಎಂದು ಗದರುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ಆ ಶನಿವಾರ ಹಾಕಿದ್ದು ಬಲು ವಿಚಿತ್ರದ್ದು. ಚಂದ್ರ ತುಪ್ಪದ ಹಾಗೆ ಕರಗಿ ಮಾಳಿಗೆಯ ಮೇಲೆ ಸುರಿಯುತ್ತಾನೆ. ನದಿ ಎದ್ದು ನಿಂತು, ನೆರಿಗೆ ಎತ್ತಿ ಹಿಡಿದವಳಂತೆ ನಡೆಯುತ್ತದೆ. ಮೀನಿನ ಹೊಟ್ಟೆಯಲ್ಲೊಂದು ಬಾಗಿಲು, ಬಾಗಿಲಾಚೆ ಒಂದು ಮರ, ಮರದ ತುಂಬ ಎಲೆಗಳ ಬದಲು ಕಣ್ಣುಗಳು. ಬಣ್ಣಗಳಂತೂ ಒಂದರೊಳಗೊಂದು ಕುದಿಯುತ್ತವೆ. ಎಂಟು ವರ್ಷ ದಾಟಿದವರಿಗೆ ಎಂದು ಮೊದಲಲ್ಲೇ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಕಲ್ಲಿನಾಥ ಓದಿದ್ದ. ಕನಸು ಬೀಳುವುದಕ್ಕೆ ವಯಸ್ಸಿನ ದಾಖಲೆ ಕೇಳುತ್ತಾರೇನು ಎಂದುಕೊಂಡು ಒಂದನೆಯ ತರಗತಿಯವರನ್ನೂ ಕೂರಿಸಿದ್ದ.

ಮಕ್ಕಳು ಅಂಜಲಿಲ್ಲ. ಕಣ್ಣಿನ ಮರ ಬಂದಾಗ "ಸರ್, ಇದಕ್ಕ ನಿದ್ದಿ ಹತ್ತಿದ್ರ ಹ್ಯಾಂಗ ಮಾಡ್ತದ?" ಎಂದೊಬ್ಬ ಕೇಳಿದ. ಆಮೇಲೆ ನೇರಳೆ ಬಣ್ಣದ ದೈತ್ಯ ಬಂದ. ಮುಖ ನುಣ್ಣಗೆ, ಬಾಯಿ ಹೊಟ್ಟೆಯಲ್ಲಿ. ಇವನಿಗೆ ಯಾರ ದನಿ ಕೊಡುವುದು? ಕಲ್ಲಿನಾಥನ ನಾಲಗೆ ತುರಿಸಿತು. ಶಿವರಾಯ ಟ್ರ್ಯಾಕ್ಟರಿನ ಡ್ರೈವರುಗಳಿಗೆ ಹೇಳುವ ಮಾತೊಂದು ಆ ಸೀಮೆಗೆಲ್ಲ ಗೊತ್ತಿತ್ತು. ಕೂಗುತ್ತಿರಲಿಲ್ಲ. ದನಿ ತಗ್ಗಿಸಿ, ಒಂದೊಂದೇ ಪದ ಇಳಿಸುತ್ತಿದ್ದ. ದೈತ್ಯನ ಹೊಟ್ಟೆ ತೆರೆಯಿತು.

"ಏನಂದಿ? ಇನ್ನೊಮ್ಮ ಅನ್ನು."

ತರಗತಿ ಹೋ ಎಂದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಒಂದನೆಯ ತರಗತಿಯ ಭಾಗ್ಯಜ್ಯೋತಿ, ಶಿವರಾಯನ ಮಗಳು, ನಗಲಿಲ್ಲ. ಅವಳು ಕುಳಿತಿದ್ದ ಚಾಪೆ ಒದ್ದೆಯಾಗಿತ್ತು.

ಗುಲನಾಜ ಹುಡುಗಿಯನ್ನು ತೊಳೆದು, ಬೇರೆ ಲಂಗ ಉಡಿಸಿ, ಅಡುಗೆ ಕೋಣೆಯಲ್ಲಿ ಕೂರಿಸಿದಳು. ಕಲ್ಲಿನಾಥ ಅವಳೆದುರು ಕುಕ್ಕರಗಾಲಲ್ಲಿ ಕುಳಿತ.

"ಯಾವುದಕ್ಕ ಅಂಜಿದಿ ಯವ್ವಾ? ಹೊಟ್ಯಾಗಿನ ಬಾಯಿಗೇನು?"

"ಇಲ್ರಿ ಸರ್."

"ಮತ್ತ, ಕಣ್ಣಿನ ಗಿಡಕ್ಕ?"

"ಅದು ಚಂದ ಇತ್ರಿ." ಹುಡುಗಿ ಬಾಗಿಲ ಕಡೆ ನೋಡಿ, ದನಿ ಇಳಿಸಿದಳು. "ಅಪ್ಪ ಟಿ.ವಿ.ಯೊಳಗ ಹ್ಯಾಂಗ ಬಂದನ್ರಿ? ಅಪ್ಪ ಸಾಲಿಗಿ ಬರೂದಿಲ್ಲಂತ ಅವ್ವ ಹೇಳಿದ್ಳರಿ. ಅಲ್ಲಿ ಅಂಜಬ್ಯಾಡ ಅಂದಿದ್ಳರಿ."

ಕಲ್ಲಿನಾಥನಿಗೆ ಯಾರ ದನಿಯೂ ನೆನಪಾಗಲಿಲ್ಲ. ಗುಲನಾಜ ಒಲೆಯ ಕಡೆ ತಿರುಗಿಯೇ ಹೇಳಿದಳು: "ಲಂಗ ಬದಲಿ ಮಾಡೂ ಮುಂದ ಕಾಲ ನೋಡೇನಿ ಸರ್. ಹೊಡೆದ ಬಾಸುಂಡಿ ಎದ್ದಾವ. ನಾ ಅಡಗಿ ಮಾಡಾಕಿ, ನಾ ಅಂದ್ರ ಯಾರು ಕೇಳ್ತಾರ? ನೀವು ಕಲ್ತವರು. ನೀವು ಅನ್ರಿ."

ಅನ್ನಬೇಕು ಎಂದೇ ಕಲ್ಲಿನಾಥ ನಿಶ್ಚಯಿಸಿಕೊಂಡ. ಭಾನುವಾರವಿಡೀ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟಿದ, ಕೆಡವಿದ. ಹೇಳಿದರೆ ಬರುವ ವರ್ಷ ತನ್ನ ಕೆಲಸ ಇರುವುದಿಲ್ಲ. ಹೇಳದಿದ್ದರೆ ಹುಡುಗಿಗೆ ಶಾಲೆಯೂ ಮನೆಯಂತೆಯೇ.

ಸೋಮವಾರ ಊಟದ ನಂತರ ಸಮಿತಿ ಸೇರಿತು. ಶಿವರಾಯ ಮೊದಲ ಬಾರಿಗೆ ಶಾಲೆಗೆ ಬಂದ, ಮಗಳನ್ನು ಬೈಕಿನ ಮುಂದೆ ಕೂರಿಸಿಕೊಂಡು. ಬಿಳಿ ಅಂಗಿ, ಹಣೆಗೆ ವಿಭೂತಿ, ನಗುಮುಖ. ಹುಡುಗಿಯನ್ನು ಗುಲನಾಜಳ ಬಳಿ ಬಾಗಿಲಲ್ಲಿ ಬಿಟ್ಟು ಕುರ್ಚಿಗೆ ಬಂದ.

"ನನ್ನ ಕೂಸಿಗಿ ಎರಡ ದಿನದಿಂದ ಮೈ ಸುಡಾಕತ್ತದ. ಎಂಥಾ ಸಿನಿಮಾರಿ ಅದು?"

ಸದಸ್ಯ ನಾಗಣ್ಣ ಸಿದ್ಧವಾಗಿಯೇ ಬಂದಿದ್ದ. "ಚಂದ್ರ ಕರಗ್ತಾನಂತ! ಹಿಂಗ ತೋರಿಸಿದ್ರ ಹುಡುಗರ ತಲಿ ನೆಟ್ಟಗ ಉಳಿತದೇನ್ರಿ? ನನ್ನ ಮೊಮ್ಮಗ ಮೀನಿನ ಹೊಟ್ಯಾಗ ಬಾಗಿಲು ಹುಡುಕಾಕತ್ಯಾನ."

"ಅವನು ಆಟ ಆಡಾಕತ್ಯಾನ್ರಿ ಅಣ್ಣಾರ," ಎಂದ ಕಲ್ಲಿನಾಥ. "ಹುಡುಗರಿಗೆ ಬಣ್ಣ ಅಂಜಿಸೂದಿಲ್ರಿ. ನಿಮ್ಮ ಮನ್ಯಾಗ ದಿನಾ ಹಾಕೂ ಧಾರಾವಾಹಿಯೊಳಗ ಅತ್ತಿ ಸೊಸಿಗಿ ವಿಷ ಹಾಕ್ತಾಳ. ಅದನ್ನ ಕೂಸುಗಳನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡೇ ನೋಡ್ತೀರಿ."

"ಅದು ಸಂಸಾರದ ಕಥಿ ಅದಲ್ರಿ!" ಎಂದ ನಾಗಣ್ಣ, ನಿಜಕ್ಕೂ ಅಚ್ಚರಿಪಟ್ಟು.

ಸುಭದ್ರಾಬಾಯಿ ಕನ್ನಡಕ ಏರಿಸಿದರು. "ಎಂಟ ವರ್ಷ ದಾಟಿದವ್ರಿಗೆ ಅಂತ ಬರ್ದಿತ್ತೋ ಇಲ್ಲೋ?"

"ಬರ್ದಿತ್ರಿ. ಅದು ನನ್ನ ತಪ್ಪು ಖರೆ. ಆದ್ರ ಭಾಗ್ಯಜ್ಯೋತಿ ಅಂಜಿದ್ದು..."

"ಅದಿರಲಿ," ಶಿವರಾಯ ಕುರ್ಚಿಗೆ ಒರಗಿದ. "ನನ್ನ ದನಿ ತೆಗಿತೀರಂತಲ್ರಿ ಸರ್? ಡ್ರೈವರಗೋಳು ಹೇಳ್ಯಾರ. ಬರೋಬ್ಬರಿ ನನ್ನಂಗ ಅಂತ. ಎಲ್ಲಿ, ತೆಗೀರಿ, ಕೇಳೂಣು."

"ಬ್ಯಾಡ್ರಿ. ಈಗ ಬ್ಯಾಡ."

"ಏ, ತೆಗೀರಿ ಸರ್, ನಾಚತೀರೇನು?" ಎಂದ ನಾಗಣ್ಣ. ಸುಭದ್ರಾಬಾಯಿಯೂ ನಕ್ಕರು. ಸಭೆ ತಿಳಿಯಾಗುತ್ತಿತ್ತು. ಒಂದು ಮಾತು ಆಡಿ ತೋರಿಸಿದರೆ ಆತ ಮೆತ್ತಗಾಗುತ್ತಾನೆ, ಆಮೇಲೆ ಒಬ್ಬನನ್ನೇ ಕರೆದು ಹೇಳಬಹುದು ಎಂದು ಕಲ್ಲಿನಾಥನಿಗೆ ಅನ್ನಿಸಿತು. ಅಷ್ಟಕ್ಕೂ ಕೇಳಿದವರಿಗೆ ಇಲ್ಲವೆಂದ ಅಭ್ಯಾಸ ಅವನಿಗಿರಲಿಲ್ಲ. ಗದ್ದ ಎದೆಗೆ ತಂದು, ಕಣ್ಣು ಕಿರಿದು ಮಾಡಿದ.

"ಏನಂದಿ? ಇನ್ನೊಮ್ಮ ಅನ್ನು."

ಶಿವರಾಯನೇ ಎಲ್ಲರಿಗಿಂತ ಜೋರಾಗಿ ನಕ್ಕ. ತೊಡೆ ಬಡಿದುಕೊಂಡ. "ಭಲೇ! ನಾನಽ ಇಲ್ಲಿ, ನಾನಽ ಅಲ್ಲಿ!"

ಬಾಗಿಲಲ್ಲಿ ಭಾಗ್ಯಜ್ಯೋತಿ ಎದ್ದಳು. ಯಾರ ಮುಖವನ್ನೂ ನೋಡದೆ ಗೋಡೆಯ ಬಳಿ ಹೋಗಿ, ಗೋಡೆಗೆ ಮುಖ ಮಾಡಿ, ಎರಡೂ ಕಿವಿ ಹಿಡಿದು ಬಸ್ಕಿ ಹೊಡೆಯತೊಡಗಿದಳು. ಲಂಗ ಮೇಲೇರಿದಾಗಲೆಲ್ಲ ಮೊಣಕಾಲಿನ ಹಿಂದಿನ ಕಪ್ಪುಗೆರೆಗಳು ಕಾಣುತ್ತಿದ್ದವು. ಬಾಯಿಯಲ್ಲಿ ಎಣಿಕೆ. ನಾಗಣ್ಣನ ನಗು ಅರ್ಧಕ್ಕೆ ಒಣಗಿತು. ಸುಭದ್ರಾಬಾಯಿ ರಜಿಸ್ಟರಿನ ಹಾಳೆ ತಿರುವಿದರು, ಅಲ್ಲಿ ಏನೂ ಬರೆದಿರಲಿಲ್ಲ.

ಎಲ್ಲರೂ ನೋಡಿದರು. ಎಲ್ಲರೂ ನೋಡಿದ್ದನ್ನು ಎಲ್ಲರೂ ನೋಡಿದರು.

ಶಿವರಾಯನಿಗೆ ಮಾತ್ರ ನಗು ಆರಲಿಲ್ಲ. ಸ್ವಲ್ಪ ಸಣ್ಣದಾಯಿತು ಅಷ್ಟೆ. "ನೋಡ್ರಿ," ಎಂದ, ಮಗಳ ಕಡೆ ಕೈ ತೋರಿಸಿ, "ಸಿನಿಮಾ ಹ್ಯಾಂಗ ತಲಿ ಕೆಡಿಸ್ಯಾದ."

"ಹೌದ್ರಿ," ಎಂದ ನಾಗಣ್ಣ, ಬದುಕಿದೆನೆಂಬಂತೆ. "ಸಣ್ಣ ಮನಸ್ಸು ನೋಡ್ರಿ."

ಸುಭದ್ರಾಬಾಯಿ ಬರೆಯತೊಡಗಿದರು. ಇಂತಹ ವಿಕಾರ ಚಿತ್ರಗಳು ಎಳೆಯ ಮಕ್ಕಳಿಗೆ ಯೋಗ್ಯವಲ್ಲವೆಂದು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು. ರಜಿಸ್ಟರನ್ನು ಕಲ್ಲಿನಾಥನ ಕಡೆ ತಿರುಗಿಸಿ ಬೆರಳಿಟ್ಟು ಸಹಿಯ ಜಾಗ ತೋರಿಸಿದರು.

"ಸಿನಿಮಾ ಅಲ್ರಿ," ಎಂದ ಕಲ್ಲಿನಾಥ. "ಆ ಹುಡುಗಿ ಅಂಜೂದು ಸಿನಿಮಾಕ್ಕಲ್ಲ."

ಶಿವರಾಯ ಮುಂದಕ್ಕೆ ಬಾಗಿದ. ದನಿ ತಗ್ಗಿತು.

"ಏನಂದ್ರಿ ಸರ್? ಇನ್ನೊಮ್ಮ ಅನ್ರಿ."

ಕಲ್ಲಿನಾಥ ಬಾಗಿಲಿನತ್ತ ನೋಡಿದ. ಗುಲನಾಜ ಅವನನ್ನೇ ನೋಡುತ್ತಿದ್ದಳು. ಒಂದು ಗಳಿಗೆ ಕಾದಳು, ಇನ್ನೊಂದು ಗಳಿಗೆ ಕಾದಳು. ಆಮೇಲೆ ಎದ್ದು ಹೋಗಿ ಹುಡುಗಿಯ ಹೆಗಲು ಹಿಡಿದಳು.

"ಸಾಕು ಬಾ, ಬೇಟಾ."

"ಇನ್ನೂ ಐವತ್ತಾಗಿಲ್ರಿ."

ಒಂದನೆಯ ತರಗತಿಯಲ್ಲಿ ಐವತ್ತರವರೆಗೆ ತಪ್ಪಿಲ್ಲದೆ ಎಣಿಸುವವಳು ಅವಳೊಬ್ಬಳೇ. ತನ್ನ ಪಾಠ ಹತ್ತಿದೆ ಎಂದು ಕಲ್ಲಿನಾಥ ಇಷ್ಟು ದಿನ ಹಿಗ್ಗಿದ್ದ.

"ಏನಿಲ್ರಿ," ಎಂದು ಪೆನ್ನು ತೆಗೆದುಕೊಂಡ. ಅವನು ಹೆಸರು ಬರೆದು ಕೆಳಗೆ ಗೆರೆ ಎಳೆಯುವಷ್ಟರಲ್ಲಿ ಗೋಡೆಯ ಬಳಿ ಮೂವತ್ತೊಂದು, ಮೂವತ್ತೆರಡು ಆಗಿತ್ತು.